ಬಾಯಲ್ಲಿ ಕಾಣುವ ದೋಷ, ತಳದಲ್ಲಿ ಹುಟ್ಟುವ ದೋಷ

ಅಮೆರಿಕದ ಸ್ಕೀಟ್ ಆಟದ ಪೂರ್ಣ ಪಂದ್ಯದಲ್ಲಿ ಒಬ್ಬ ಆಟಗಾರ ನಾಲ್ಕು ಅಳತೆಯ ತೋಟಾಗಳನ್ನು ಬಳಸಿ ತಲಾ 100 ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡಬೇಕು: 12 ಗೇಜ್, 20 ಗೇಜ್, 28 ಗೇಜ್ ಮತ್ತು .410. ಮೆಸಾಚುಸೆಟ್ಸ್‌ನ ಆಂಡೋವರ್‌ನಲ್ಲಿ ಹಕ್ಕಿ ಬೇಟೆಯ ಅಭ್ಯಾಸಕ್ಕೆಂದು ಹುಟ್ಟಿಕೊಂಡು 1926ರ ಹೊತ್ತಿಗೆ ಹೆಸರನ್ನೂ ನಿಯಮವನ್ನೂ ಪಡೆದ ಈ ಆಟ ಸಣ್ಣ ಗೇಜಿನ ಕೋವಿಗಳು ಇಂದಿಗೂ ಬಳಕೆಯಲ್ಲಿರಲು ಒಂದು ಮುಖ್ಯ ಕಾರಣ. ಆದರೆ ಆ ನಾಲ್ಕರ ಬೆಲೆಯಲ್ಲಿ ಒಂದು ವಿಚಿತ್ರವಿದೆ. 12 ಗೇಜಿನ ತೋಟಾ ರಾಶಿಗಟ್ಟಲೆ ತಯಾರಾಗುವುದರಿಂದ ಅಗ್ಗ. 28 ಮತ್ತು .410ರೊಳಗೆ ಸೀಸವೂ ಪ್ಲಾಸ್ಟಿಕ್ಕೂ ಅದಕ್ಕಿಂತ ಕಡಿಮೆ, ಬೆಲೆ ಮಾತ್ರ ಹೆಚ್ಚು. ಕೊಳ್ಳುವವರು ಕಡಿಮೆ ಎಂಬುದೇ ಅದಕ್ಕೆ ಕಾರಣ. ಹೀಗಾಗಿ 12 ಗೇಜಿನ ತೋಟಾವನ್ನು ಮನೆಯಲ್ಲಿ ತುಂಬುವುದನ್ನು ಎಂದೋ ಬಿಟ್ಟ ಅಮೆರಿಕನ್ನರು ಕೂಡ ಸಣ್ಣ ಗೇಜಿಗಾಗಿ ಗ್ಯಾರೇಜಿನ ಮೂಲೆಯಲ್ಲಿ ಖಾಲಿ ತೋಟಾಗಳನ್ನು ಮತ್ತೆ ತುಂಬುವ ಒಂದು ಪ್ರೆಸ್ ಉಳಿಸಿಕೊಂಡಿರುತ್ತಾರೆ. ಹೀಗೆ ತುಂಬುವವರ ದೂರುಗಳೋ ಬಹುತೇಕ ಒಂದೇ ಬಗೆಯವು. ತೋಟಾದ ಬಾಯಿ ಮುಚ್ಚುವುದಿಲ್ಲ, ಮುಚ್ಚಿದರೂ ನಡುವೆ ತೂತು ಉಳಿಯುತ್ತದೆ, ಚರೆ ಸೋರುತ್ತದೆ, ಮಡಿಕೆ ಒಳಕ್ಕೆ ಕುಸಿಯುತ್ತದೆ, ಹೊಡೆದಾಗ ಸದ್ದು ಟುಸ್ಸೆನ್ನುತ್ತದೆ. ಇವಕ್ಕೆ ಸಾಮಾನ್ಯವಾಗಿ ಸಿಗುವ ಪರಿಹಾರವೂ ಒಂದೇ ಬಗೆಯದು: ಪ್ರೆಸ್ಸಿನ ಕೊನೆಯ ಹಂತದ ತಿರುಪನ್ನು ಇಷ್ಟು ಬಿಗಿ ಮಾಡಿ, ಅಷ್ಟು ಸಡಿಲಿಸಿ. 12 ಗೇಜಿನಲ್ಲಿ ಆ ಮಾತು ಎಷ್ಟೋ ಸಲ ನಡೆಯುತ್ತದೆ. ಸಣ್ಣ ಗೇಜಿನಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ದೋಷ ಕಾಣುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ. ಬಾಯಿಂದ ತಳದತ್ತ ಹಿಂದೆ ಹಿಂದೆ ಹುಡುಕುತ್ತ ಹೋಗದೆ ಬಾಯಿಯನ್ನೇ ತಿದ್ದಲು ಹೊರಟರೆ ಕೆಟ್ಟ ತೋಟಾ ಚೆನ್ನಾಗಿ ಕಾಣತೊಡಗುತ್ತದೆ, ಅಷ್ಟೇ. ಕೆಟ್ಟದ್ದಾಗಿ ಕಾಣುವ ತೋಟಾಕ್ಕಿಂತ ಅದು ಹೆಚ್ಚು ಅಪಾಯದ್ದು.

ಇದಕ್ಕೆ ಮೊದಲ ಸಾಕ್ಷಿ ಬರೀ ರೇಖಾಗಣಿತ. ನಮ್ಮ ಕಡೆ ಬೋರ್ ಎಂದು ಕರೆಯುವ ಗೇಜ್ ಹಳೆಯ ಲೆಕ್ಕ: ಒಂದು ಪೌಂಡ್ ಸೀಸದಿಂದ ನಳಿಗೆಯ ವ್ಯಾಸದ ಎಷ್ಟು ಉಂಡೆ ಮಾಡಬಹುದೋ ಅದೇ ಆ ಕೋವಿಯ ಗೇಜು. ಆದ್ದರಿಂದಲೇ ಸಂಖ್ಯೆ ಏರಿದಷ್ಟೂ ನಳಿಗೆ ಕಿರಿದು. 12 ಗೇಜಿನ ನಳಿಗೆ ಸುಮಾರು 18.5 ಮಿಲಿಮೀಟರ್, 20ರದು 15.6, 28ರದು 14. .410 ಈ ಲೆಕ್ಕದಿಂದ ಹೊರಗಿನದು. ಅದು ನೇರವಾಗಿ ಇಂಚಿನಲ್ಲಿ ಹೇಳಿದ ವ್ಯಾಸ, ಅಂದರೆ 10.4 ಮಿಲಿಮೀಟರ್. ವ್ಯಾಸದ ವ್ಯತ್ಯಾಸ ಇಷ್ಟೇ ಎನ್ನಿಸಬಹುದು. ಆದರೆ ತುಂಬುವವನಿಗೆ ಎದುರಾಗುವುದು ವ್ಯಾಸವಲ್ಲ, ಅಡ್ಡಕೊಯ್ತದ ವಿಸ್ತೀರ್ಣ. ಆ ಲೆಕ್ಕದಲ್ಲಿ .410 ಎಂಬುದು 12 ಗೇಜಿನ ಮೂರನೇ ಒಂದು ಪಾಲಿಗಿಂತಲೂ ತುಸು ಕಡಿಮೆ. ಒಳಗಿನ ಸಾಮಗ್ರಿಯ ಘನ ಅಳತೆಯಲ್ಲಿ 12ರೊಳಗೆ ಒಂದು ಮಿಲಿಮೀಟರ್ ಎತ್ತರ ಕೊಡುವಷ್ಟು ಹೆಚ್ಚುಕಡಿಮೆಯಾದರೆ ಅದೇ ಹೆಚ್ಚುಕಡಿಮೆ .410ರೊಳಗೆ ಮೂರು ಮಿಲಿಮೀಟರ್ ಆಗಿ ನಿಲ್ಲುತ್ತದೆ, 28ರಲ್ಲಿ ಒಂದೂಮುಕ್ಕಾಲು. ಬಾಯಿ ಮಡಿಕೆಗೆ ಮೀಸಲಾದ ಜಾಗವೇ ಕೆಲವು ಮಿಲಿಮೀಟರ್ ಇರುವಾಗ ಮೂರು ಮಿಲಿಮೀಟರನ್ನು ಯಾವ ತಿರುಪೂ ನುಂಗಿಕೊಳ್ಳಲಾರದು. 12 ಗೇಜು ಕ್ಷಮಾಶೀಲ ಎಂದು ಹಳಬರು ಹೇಳುವುದರ ಹಿಂದೆ ಇರುವುದು ಇಷ್ಟೇ.

ಎರಡನೆಯದು ಒತ್ತಡ. ಸಣ್ಣ ತೋಟಾ, ಸಣ್ಣ ಸ್ಫೋಟ, ಹಾಗಾಗಿ ಸಣ್ಣ ಅಪಾಯ ಎಂಬ ಊಹೆ ಸಹಜವಾದದ್ದು, ಅದು ತಪ್ಪು. ಅಮೆರಿಕದ ತಯಾರಕರ ಮಾನಕ ಸಂಸ್ಥೆಯಾದ ಸಾಮಿ ಗೊತ್ತುಪಡಿಸಿರುವ ಗರಿಷ್ಠ ಸರಾಸರಿ ಒತ್ತಡ 12 ಗೇಜಿಗೆ ಚದರ ಇಂಚಿಗೆ 11,500 ಪೌಂಡ್, 20ಕ್ಕೆ 12,000, 28ಕ್ಕೂ ಎರಡೂವರೆ ಇಂಚಿನ .410ಕ್ಕೂ 12,500, ಮೂರು ಇಂಚಿನ .410ಕ್ಕೆ 13,500. ನಳಿಗೆ ಕಿರಿದಾದಂತೆ ಮಿತಿ ಮೇಲೇರುತ್ತದೆ. ಮದ್ದಿನ ತೂಕವಂತೂ ಇನ್ನೂ ಸೋಜಿಗ ಹುಟ್ಟಿಸುವಂಥದ್ದು. ಸ್ಕೀಟಿನ .410 ಹೊತ್ತೊಯ್ಯುವ ಚರೆ ಅರ್ಧ ಔನ್ಸ್, ಎಂದರೆ ಸುಮಾರು 14 ಗ್ರಾಂ. 12 ಗೇಜಿನ ಪೂರ್ಣ ತೂಕದ ತೋಟಾದ ಚರೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದರೂ ಎರಡರಲ್ಲೂ ಮದ್ದಿನ ತೂಕ ಒಂದು ಗ್ರಾಂನ ಆಸುಪಾಸಿನಲ್ಲೇ ಇರುತ್ತದೆ. ಕಿರಿದಾದ ನಳಿಗೆಯಲ್ಲಿ ಬೇಗ ಉರಿಯುವ ಮದ್ದು ಹಾಕಿದರೆ ಒತ್ತಡ ಒಮ್ಮೆಗೇ ಚಿಮ್ಮುತ್ತದೆ. ಆದ್ದರಿಂದ ನಿಧಾನವಾಗಿ ಉರಿಯುವ, ಸಣ್ಣ ಕಾಳಿನ ಮದ್ದು ಬೇಕು. ಹಾಡ್ಗ್‌ಡನ್ ಕಂಪನಿಯ ಎಚ್110, ವಿಂಚೆಸ್ಟರ್ 296 ಇಂಥವು. ಮ್ಯಾಗ್ನಮ್ ರಿವಾಲ್ವರುಗಳಿಗೂ ಇದೇ ಮದ್ದು. ಇವುಗಳ ಸ್ವಭಾವವೆಂದರೆ, ತಕ್ಕ ಬಿಸಿಯೂ ತಕ್ಕ ತಡೆಯೂ ಸಿಕ್ಕರೆ ಮಾತ್ರ ಇವು ಸರಿಯಾಗಿ ಉರಿಯುತ್ತವೆ. ತಡೆ ಒದಗಿಸುವುದು ಮದ್ದಿಗೂ ಚರೆಗೂ ನಡುವೆ ಕೂರುವ ಪ್ಲಾಸ್ಟಿಕ್ ವಾಡ್, ಚರೆ ಮತ್ತು ಬಿಗಿಯಾದ ಬಾಯಿ. ಸಡಿಲ ಮಡಿಕೆಯ .410 ಚಳಿಗಾಲದ ಬೆಳಿಗ್ಗೆ ಟುಸ್ಸೆನ್ನುವುದಕ್ಕೂ ಅದೇ ತೋಟಾ ಬೇಸಿಗೆಯಲ್ಲಿ ತಕರಾರಿಲ್ಲದೆ ನಡೆಯುವುದಕ್ಕೂ ಕಾರಣ ಅಲ್ಲಿದೆ. ಇಂಥ ಮದ್ದನ್ನು ಸುರಕ್ಷತೆಗೆಂದು, ಪ್ರಯೋಗಾಲಯದಲ್ಲಿ ಅಳೆದು ಮಾಡಿದ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಹಾಕುವುದೂ ಸುರಕ್ಷಿತವಲ್ಲ.

ಈಗ ಬಾಯಿ ಮಡಿಕೆಗೆ ಬರೋಣ. ನಡುವೆ ತೂತು ಉಳಿದಿದೆ ಎಂದರೆ ಮಡಚಲು ಸಾಕಷ್ಟು ಗೋಡೆ ಉಳಿದಿಲ್ಲ ಎಂದರ್ಥ. ಒಳಗಿನ ಕಂಬ, ಅಂದರೆ ಮದ್ದು, ವಾಡ್, ಚರೆ ಒಂದರ ಮೇಲೊಂದು ಕೂತ ರಾಶಿ, ಎತ್ತರವಾಗಿದೆ, ಇಲ್ಲವೇ ತೋಟಾ ಮೋಟಾಗಿದೆ. ಮಡಿಕೆ ಬಟ್ಟಲಿನಂತೆ ಒಳಕ್ಕೆ ಇಳಿದಿದ್ದರೆ ಕಂಬ ಕುಳ್ಳಾಗಿದೆ: ಚರೆ ಕಡಿಮೆ ಬಿದ್ದಿದೆ, ವಾಡ್ ಅಗತ್ಯಕ್ಕಿಂತ ಆಳಕ್ಕೆ ಇಳಿದಿದೆ, ಅಥವಾ ಆ ತೋಟಾಕ್ಕೆ ತಕ್ಕ ವಾಡ್ ಅದಲ್ಲವೇ ಅಲ್ಲ. ನಡುವೆ ಸುಳಿಯಂತೆ ತಿರುಚಿಕೊಂಡಿದ್ದರೆ ಮೊದಲ ಮಡಿಕೆಯ ಹಂತದಲ್ಲೇ ಬಾಯಿ ಬೇಕಾದ್ದಕ್ಕಿಂತ ಹೆಚ್ಚು ಮುಚ್ಚಿದೆ. ಗೆರೆಗಳೇ ಅಡ್ಡಾದಿಡ್ಡಿಯಾಗಿದ್ದರೆ ಹೊಸದರಲ್ಲಿ ಆರು ಮಡಿಕೆಯಿದ್ದ ತೋಟಾವನ್ನು ಎಂಟು ಮಡಿಕೆಯ ಅಚ್ಚಿಗೆ ಕೊಟ್ಟಿರುವ ಸಾಧ್ಯತೆ ಹೆಚ್ಚು. ದೊಡ್ಡ ಗೇಜಿನ ಪಂದ್ಯದ ತೋಟಾಗಳಲ್ಲಿ ಎಂಟು ಸಾಮಾನ್ಯ, ಸಣ್ಣವುಗಳಲ್ಲಿ ಆರು. ಈ ನಾಲ್ಕು ಲಕ್ಷಣಗಳಲ್ಲಿ ಕೊನೆಯ ಹಂತದ ತಿರುಪಿಗೆ ನಿಜವಾಗಿ ಸಂಬಂಧಿಸಿದ್ದು ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ಆದರೂ ಕೈ ಹೋಗುವುದು ಅಲ್ಲಿಗೇ. ಎತ್ತರದ ಕಂಬವನ್ನು ತಿರುಪು ಬಿಗಿಮಾಡಿ ಒತ್ತಿದರೆ ತೂತು ಮುಚ್ಚಿದಂತೆ ಕಾಣಬಹುದು. ಮಡಿಕೆ ಆಳವಾದಷ್ಟೂ ಒತ್ತಡ ಏರುತ್ತದೆ, ತೋಟಾದ ಹೆಗಲು ಉಬ್ಬಿ ಕೋವಿಯೊಳಗೆ ಸೇರಲು ಒಲ್ಲೆನ್ನುತ್ತದೆ. ಆಮೇಲೆ ಕೋವಿಯನ್ನೋ ಅಳತೆ ಸರಿಪಡಿಸುವ ಉಂಗುರವನ್ನೋ ದೂರುವುದು ಶುರು. ಹೀಗೆ ಒಂದು ದೋಷವನ್ನು ಮುಚ್ಚಲು ಹೋಗಿ ಇನ್ನೊಂದನ್ನು ಹುಟ್ಟಿಸಿ, ಎರಡನ್ನೂ ಬಿಡಿಸಲಾಗದಷ್ಟು ಹೆಣೆದುಬಿಡುವುದು ಈ ಕೆಲಸದಲ್ಲಿ ತೀರ ಸಾಮಾನ್ಯ.

ಕಂಬ ಯಾಕೆ ಎತ್ತರವಾಯಿತು ಎಂದು ಹಿಂದಕ್ಕೆ ಹೋದರೆ ಮೊದಲು ಸಿಗುವುದು ಖಾಲಿ ತೋಟಾದ ಜಾತಿ. ಹೊರಗಿನಿಂದ ಒಂದೇ ಬಣ್ಣ, ಒಂದೇ ಅಕ್ಷರ, ಒಳಗೆ ಬೇರೆ. ವಿಂಚೆಸ್ಟರ್‌ನ ಎಎ ತೋಟಾ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಿಂದಿನವು ಒಂದೇ ಪ್ಲಾಸ್ಟಿಕ್ ತುಂಡನ್ನು ಒತ್ತಿ ಮಾಡಿದಂಥವು, ಗೋಡೆ ತಳದತ್ತ ದಪ್ಪವಾಗುತ್ತ ಹೋಗುತ್ತಿತ್ತು. ಆಮೇಲೆ ಬಂದ ಎಚ್‌ಎಸ್ ಎಂಬ ಬಗೆಯಲ್ಲಿ ತಳದ ತುಂಡು ಬೇರೆ, ಕೊಳವೆ ಬೇರೆ. ರೆಮಿಂಗ್ಟನ್ ಕಂಪನಿಯ ಪಂದ್ಯದ ತೋಟಾದ ಒಳಮೈ ಮತ್ತೊಂದು ಥರ. 12 ಗೇಜಿನಲ್ಲಿ ಇವನ್ನು ಬೆರೆಸಿ ತುಂಬಿ ದಕ್ಕಿಸಿಕೊಂಡವರು ಬೇಕಾದಷ್ಟಿದ್ದಾರೆ; .410ರಲ್ಲಿ ಅದೇ ಬೆರಕೆ ಒಂದು ಡಬ್ಬಿಯಲ್ಲಿ ಕೆಲವನ್ನು ಚೆನ್ನಾಗಿ, ಕೆಲವನ್ನು ತೂತಾಗಿ, ಕೆಲವನ್ನು ಕುಸಿದಂತೆ ಮಾಡಿಡುತ್ತದೆ. ತಪ್ಪುಗಳು ಹೀಗೆ ಒಂದೇ ಡಬ್ಬಿಯಲ್ಲಿ ಬಗೆಬಗೆಯಾಗಿ ಬಂದರೆ ಪ್ರೆಸ್ಸನ್ನು ಮುಟ್ಟಲೇಬಾರದು, ಮೊದಲು ಖಾಲಿ ತೋಟಾಗಳನ್ನು ಆರಿಸಿ ಬೇರೆಮಾಡಬೇಕು. ಎಲ್ಲವೂ ಒಂದೇ ರೀತಿ ಕೆಟ್ಟಿದ್ದರೆ ಆಗ ಪ್ರೆಸ್ಸಿನ ಮೇಲೆ ಅನುಮಾನ ಪಡಬಹುದು. ಯಾವ ಕೋಷ್ಟಕಕ್ಕಿಂತಲೂ ಈ ಒಂದು ವಿವೇಚನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಳದ ತುಂಡು ಬೇರೆಯಾಗಿರುವ ತೋಟಾಗಳನ್ನು ಮೇಲಿಂದ ಮೇಲೆ ತುಂಬಿದರೆ ಆ ತುಂಡು ಸಡಿಲಾಗಿ, ಹೊಡೆದಾಗ ಕಿತ್ತು ನಳಿಗೆಯಲ್ಲಿ ಕೂರಬಹುದು. ಆದ್ದರಿಂದ ಒಳಗೆ ಬೆಳಕು ಬಿಟ್ಟು ತಳವನ್ನು ನೋಡದೆ ತುಂಬತಕ್ಕದ್ದಲ್ಲ. ಬಾಯಂಚು ಸೀಳಿದವು, ಮದ್ದಿಗೆ ಕಿಡಿ ಕೊಡುವ ಕೇಪಿನ ಸುತ್ತ ಹೊಗೆಗಪ್ಪು ಹಿಡಿದವು ನೇರ ಕಸಕ್ಕೆ. ಮೂರು ಇಂಚಿನ .410ನ್ನು ಎರಡೂವರೆ ಇಂಚಿನದರ ಜೊತೆ ಬೆರೆಯಗೊಡುವುದೂ ಸಲ್ಲ: ತೋಟಾದ ಉದ್ದವನ್ನು ಹೇಳುವುದು ಬಾಯಿ ತೆರೆದ ಮೇಲಿನ ಅಳತೆಯಿಂದ, ಹಾಗಾಗಿ ಮುಚ್ಚಿದ ಮೂರಿಂಚಿನದು ಗಿಡ್ಡ ಕೋಣೆಯ ಕೋವಿಯೊಳಗೂ ಕೂತುಬಿಡಬಹುದು, ಹೊಡೆದಾಗ ಬಾಯಿ ಬಿಚ್ಚಲು ಅಲ್ಲಿ ಜಾಗವಿರುವುದಿಲ್ಲ.

ತೋಟಾದ ಜಾತಿ ಸರಿಯಿದ್ದೂ ಕಂಬದ ಎತ್ತರ ಏರಿಳಿದರೆ ಮುಂದಿನ ಆರೋಪಿ ಚರೆ ಮತ್ತು ಮದ್ದು ಇಳಿಯುವ ದಾರಿ. ಸಣ್ಣ ಗೇಜಿನ ಅತ್ಯಂತ ವಿಶಿಷ್ಟವಾದ ತೊಂದರೆ ಇದು, ಇದನ್ನು ಎಷ್ಟು ವಿವರಿಸಿದರೂ ಕಡಿಮೆಯೇ. ಕಾಳಿನಂಥ ವಸ್ತುಗಳು ಕಿರಿದಾದ ತೂತಿನಿಂದ ಇಳಿಯುವಾಗ ತಮಗೆ ತಾವೇ ಒತ್ತಿಕೊಂಡು ಕಮಾನು ಕಟ್ಟಿ ನಿಂತುಬಿಡುತ್ತವೆ. ಗುಂಡನೆಯ ಕಾಳಿಗೆ ತೂತಿನ ಅಗಲ ಕಾಳಿನ ವ್ಯಾಸದ ಐದು ಪಟ್ಟಿನ ಆಸುಪಾಸಿಗಿಂತ ಕಡಿಮೆಯಾದರೆ ಹೀಗೆ ಸಿಕ್ಕಿಕೊಳ್ಳುವುದು ಸಾಮಾನ್ಯ ಎಂದು ಪ್ರಯೋಗಗಳಲ್ಲಿ ಕಂಡಿದೆ. ಸ್ಕೀಟಿಗೆ ಬಳಸುವ 9ನೇ ನಂಬರಿನ ಚರೆಯ ವ್ಯಾಸ ಎರಡು ಮಿಲಿಮೀಟರ್. ಅದರ ಐದು ಪಟ್ಟು ಹತ್ತು. .410 ತೋಟಾದೊಳಗೆ, ಅದರಲ್ಲೂ ವಾಡಿನ ಬಟ್ಟಲಿನೊಳಗೆ, ಚರೆ ಬಿಡಬೇಕಾದ ಕೊಳವೆಗೆ ಹತ್ತು ಮಿಲಿಮೀಟರ್ ಒಳಗಲ ಬರುವ ಮಾತೇ ಇಲ್ಲ. ಅಂದರೆ ಚರೆ ಸಿಕ್ಕಿಕೊಳ್ಳುವುದು ಕೆಟ್ಟ ಪ್ರೆಸ್ಸಿನ ಕುರುಹಲ್ಲ, ಆ ಅಳತೆಯ ಹಣೆಬರಹ. 7½ ನಂಬರಿನ ಚರೆ 2.4 ಮಿಲಿಮೀಟರ್, ಅದನ್ನು ಹಾಕಿದವನ ಪಾಡು ಇನ್ನೂ ಕಷ್ಟ. ಚೂಪು ಬಾಲದ, ಒಂದಕ್ಕೊಂದು ಅಂಟಿದ ಅಗ್ಗದ ಚರೆಯಾದರೆ ಕೇಳುವುದೇ ಬೇಡ. ಗುಂಡಗಿನ, ಗಟ್ಟಿಯಾದ, ಗ್ರಾಫೈಟ್ ಸವರಿದ ಚರೆ ಸಲೀಸಾಗಿ ಇಳಿಯುತ್ತದೆ ಎಂಬುದು ನಿಜ, ಆದರೆ ಅದು ಸಂಭವವನ್ನು ಕಡಿಮೆ ಮಾಡುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ. ಮದ್ದಿನಲ್ಲೂ ಇದೇ ಕತೆ, ಪರಿಣಾಮ ಮಾತ್ರ ಬೇರೆ. ಚಕ್ಕೆಯಂಥ ಮದ್ದು ಕಿರಿಗೊಳವೆಯಲ್ಲಿ ಸೇತುವೆ ಕಟ್ಟುತ್ತದೆ. ಒಣ ಹವೆಯಲ್ಲಿ ಪ್ಲಾಸ್ಟಿಕ್ಕಿನ ಸ್ಥಿರ ವಿದ್ಯುತ್ತಿಗೆ ಗೋಡೆಗಂಟಿ ನಿಲ್ಲುತ್ತದೆ. ಉರುಟು ಕಾಳಿನ ಮದ್ದು ಚೆನ್ನಾಗಿ ಹರಿಯುತ್ತದೆ, ಹರಿಯುವುದೇ ಅದರ ದೋಷ: ಮದ್ದನ್ನು ಅಳೆದು ಬಿಡುವ ಅಳತೆಪಟ್ಟಿಯ ಅಡಿಯ ಸಂದಿನಲ್ಲಿ ಸೋರಿ ಪ್ರೆಸ್ಸಿನ ಹಿಡಿಯನ್ನು ಗರಗರ ಎನ್ನಿಸುತ್ತದೆ. ಅಲ್ಲದೆ ಪ್ರೆಸ್ಸು ಮದ್ದನ್ನು ತೂಗುವುದಿಲ್ಲ, ತೂತಿನ ಗಾತ್ರದಿಂದ ಅಳೆಯುತ್ತದೆ. ಪಾವನ್ನು ಕುಲುಕಿ ಅಳೆದರೆ ಅಕ್ಕಿ ಹೆಚ್ಚು ಹಿಡಿಯುವಂತೆ ಹಿಡಿಯನ್ನು ರಭಸದಿಂದ ಎಳೆದಾಗ ಒಂದು ತೂಕ, ಮೆಲ್ಲಗೆ ಎಳೆದಾಗ ಇನ್ನೊಂದು ತೂಕ ಬೀಳುತ್ತದೆ. ಅಳತೆಪಟ್ಟಿಯ ಮೇಲೆ ಕೊರೆದ ಸಂಖ್ಯೆಯನ್ನು ನಂಬದೆ ತಕ್ಕಡಿಯನ್ನು ನಂಬಬೇಕು ಎಂಬ ಮಾತು ಬಂದದ್ದು ಇದರಿಂದಲೇ.

ಇಲ್ಲಿಯೇ ಬಹುಪಾಲು ಜನ ಗಮನಿಸದ ಸಂಗತಿಯೊಂದಿದೆ. ಸೇತುವೆ ಕಟ್ಟಿದ ದೋಷ ಒಂಟಿಯಾಗಿ ಬರುವುದಿಲ್ಲ. ಒಂದು ತೋಟಾಕ್ಕೆ ಬೀಳದ ಮದ್ದು ಮಾಯವಾಗಿಲ್ಲ, ಕೊಳವೆಯಲ್ಲೇ ಇದೆ. ಹಿಡಿಯ ಮುಂದಿನ ಎಳೆತಕ್ಕೆ ಕಮಾನು ಕುಸಿದರೆ ಎರಡರ ಪಾಲೂ ಒಂದಕ್ಕೇ ಇಳಿಯುತ್ತದೆ. ಚರೆಯಾದರೆ ಉಕ್ಕಿ ಚೆಲ್ಲಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಮದ್ದು ಹಾಗಲ್ಲ, ವಾಡಿನ ಅಡಿ ಸೇರಿ ಮರೆಯಾಗುತ್ತದೆ, ಕಂಬವನ್ನು ಮಾತ್ರ ಎತ್ತರಿಸುತ್ತದೆ. ಆ ಎತ್ತರವನ್ನು ಬಾಯಲ್ಲಿ ಕಂಡವನು ತಿರುಪು ಬಿಗಿಮಾಡಿ ಮುಚ್ಚಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕುಸಿದ ಮಡಿಕೆಯ ತೋಟಾ ಕೈಗೆ ಬಂದಾಗ ಅದನ್ನಷ್ಟೇ ಬಿಸಾಡಿ ಮುಂದಕ್ಕೆ ಹೋಗುವಂತಿಲ್ಲ. ಅದರ ಹಿಂದಿನದನ್ನೂ ಮುಂದಿನದನ್ನೂ ತೆಗೆದು ತೂಗಬೇಕು, ಒಡೆದು ನೋಡಬೇಕು. ತುಂಬಿದ ತೋಟಾವನ್ನು ಇಡಿಯಾಗಿ ತೂಗಿದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಸಾಲದು. ಮದ್ದು ಇಡೀ ತೋಟಾದ ತೂಕದಲ್ಲಿ ಚಿಕ್ಕ ಪಾಲು. ಚರೆಯ ಮತ್ತು ಪ್ಲಾಸ್ಟಿಕ್ಕಿನ ಸಹಜ ಏರಿಳಿತದಲ್ಲೇ ಅದರ ಕೊರತೆ ಮುಚ್ಚಿಹೋಗಬಹುದು. ವಾಡ್ ಕೂರಿಸುವ ಮುನ್ನ ಪ್ರತಿ ತೋಟಾದೊಳಕ್ಕೂ ಬೆಳಕು ಬಿಟ್ಟು ಮದ್ದಿನ ಮಟ್ಟವನ್ನು ಕಣ್ಣಾರೆ ನೋಡುವುದು ನಿಧಾನದ ಕೆಲಸ. ಅದಕ್ಕೆ ಬದಲಿ ಇಲ್ಲ.

ವಾಡಿನ ವಿಷಯ ಬೇಗ ಮುಗಿಯುತ್ತದೆ. ಅದರ ದಳವೊಂದು ಬಾಯಂಚಿಗೆ ಸಿಕ್ಕಿ ಹೊರಗೆ ಮಡಚಿಕೊಂಡರೆ ಚರೆ ಗೋಡೆ ಮತ್ತು ವಾಡಿನ ನಡುವೆ ಇಳಿದು ತೋಟಾ ಉಬ್ಬುತ್ತದೆ. ಅಡ್ಡವಾಗಿ ಕೂತರೆ ಅನಿಲ ಪಕ್ಕದಿಂದ ನುಸುಳುತ್ತದೆ. ಬಾಯಿ ಹಲವು ಸಲ ಮಡಚಿ ನವೆದಿದ್ದರೆ ಇದು ಹೆಚ್ಚು. ಕೇಪು ತಳದ ಮಟ್ಟಕ್ಕಿಂತ ಉಬ್ಬಿ ಕೂತರೆ ನಡು ಮುರಿಯುವ ಕೋವಿ ತೆರೆಯಲು ಬಿಗಿಯಾಗುತ್ತದೆ, ತಾನೇ ತುಂಬಿಕೊಳ್ಳುವ ಕೋವಿಯಲ್ಲಿ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಸಿಡಿಯುವ ಅಪಾಯವಿದೆ.

ಇದಕ್ಕೆಲ್ಲ ಎದುರಾಗಿ ಬರುವ ಮೊದಲ ಆಕ್ಷೇಪ ಯಂತ್ರದ್ದು. ಒಳ್ಳೆಯ ಪ್ರೆಸ್ ಕೊಂಡರೆ ಈ ಪಾಡು ಯಾಕೆ ಎನ್ನುತ್ತಾರೆ. ವಿಸ್ಕಾನ್ಸಿನ್‌ನ ಮೇವಿಲ್ ಊರಿನ ಮೆಕ್ ಪ್ರೆಸ್ಸುಗಳಿಂದ ಹಿಡಿದು ಅದಕ್ಕಿಂತ ಹಲವು ಪಟ್ಟು ಬೆಲೆಯ ಯಂತ್ರಗಳವರೆಗೆ ಬೇಕಾದಷ್ಟು ಬಗೆ ಇವೆ, ದುಬಾರಿಯವು ತೋಟಾವನ್ನು ಇನ್ನಷ್ಟು ನೇರವಾಗಿ ಹಿಡಿಯುತ್ತವೆ, ಮಡಿಕೆಯನ್ನು ಅಂದವಾಗಿ ಮಾಡುತ್ತವೆ. ಅಷ್ಟು ಒಪ್ಪಬೇಕಾದ್ದೇ. ಆದರೆ ಎರಡು ಮಿಲಿಮೀಟರಿನ ಚರೆ ಎಂಟು ಮಿಲಿಮೀಟರಿನ ಕೊಳವೆಯಲ್ಲಿ ಸಿಕ್ಕಿಕೊಳ್ಳುವುದನ್ನು ಬೆಲೆ ತಡೆಯಲಾರದು. ಒಮ್ಮೆ ಎಳೆದರೆ ಒಂದು ತೋಟಾ ಉದುರುವ ವೇಗದ ಯಂತ್ರದಲ್ಲಿ ಏಳೆಂಟು ತೋಟಾಗಳು ಏಕಕಾಲಕ್ಕೆ ಬೇರೆಬೇರೆ ಹಂತದಲ್ಲಿರುವುದರಿಂದ ತಪ್ಪು ಯಾವ ಹಂತದಲ್ಲಿ ಹುಟ್ಟಿತೆಂದು ಪತ್ತೆ ಮಾಡುವುದು ಇನ್ನೂ ಕಷ್ಟ. ಒಂದೊಂದೇ ತೋಟಾವನ್ನು ಹಂತದಿಂದ ಹಂತಕ್ಕೆ ಕೈಯಿಂದ ಸಾಗಿಸುವ ಸರಳ ಪ್ರೆಸ್ಸು .410ಕ್ಕೆ ಉತ್ತಮ ಎಂದು ನನ್ನ ಅಭಿಪ್ರಾಯ. ಅದರ ನಿಧಾನವೇ ಅದರ ಗುಣ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅನುಭವಿಗಳದ್ದು. ವರ್ಷಗಟ್ಟಲೆ ಕೈಗೆ ಸಿಕ್ಕ ಕೇಪು, ಸಿಕ್ಕ ವಾಡ್ ಹಾಕಿ ತುಂಬಿದ್ದೇವೆ, ಏನೂ ಆಗಿಲ್ಲ, ಪಟ್ಟಿಯ ಪ್ರಕಾರವೇ ಎಲ್ಲವೂ ಇರಬೇಕೆಂಬುದು ಕಂಪನಿಗಳ ಅತಿ ಎಚ್ಚರ ಎಂಬ ವಾದ. 2020ರ ನಂತರ ಅಮೆರಿಕದಲ್ಲಿ ಕೇಪುಗಳಿಗೆ ಬರ ಬಂದಾಗ ಈ ವಾದಕ್ಕೆ ಇನ್ನಷ್ಟು ಬಲ ಬಂತು. ಇದ್ದದ್ದರಲ್ಲಿ ಹೊಂದಿಸಿಕೊಳ್ಳದೆ ವಿಧಿಯಿರಲಿಲ್ಲ. ಆದರೆ 'ಏನೂ ಆಗಿಲ್ಲ' ಎಂಬುದು ಇಲ್ಲಿ ಸಾಕ್ಷಿಯೇ ಅಲ್ಲ. ರೈಫಲ್ಲಿನ ಹಿತ್ತಾಳೆ ತೋಟಾ ಒತ್ತಡ ಮೀರಿದರೆ ಕೇಪು ಚಪ್ಪಟೆಯಾಗಿ, ತಳ ಗೀರುಬಿದ್ದು ಸ್ವಲ್ಪವಾದರೂ ಸುಳಿವು ಕೊಡುತ್ತದೆ. ಚರೆ ತೋಟಾದ ಒತ್ತಡ ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಮಿತಿಯನ್ನು ಬಹಳಷ್ಟು ಮೀರಿದರೂ ಪ್ಲಾಸ್ಟಿಕ್ಕಿನ ಮೇಲೆ ನಂಬುವಂಥ ಗುರುತು ಬೀಳುವುದಿಲ್ಲ. ಕೋವಿಯ ಕೀಲು ಸಡಿಲಾಗುವುದೋ ನಳಿಗೆ ಬಿರಿಯುವುದೋ ಮೊದಲ ಗುರುತಾಗಿಬಿಡಬಹುದು. ಉಳಿದದ್ದೆಲ್ಲ ಹಾಗೇ ಇದ್ದು ಬರೀ ಕೇಪಿನ ತಯಾರಿಕೆ ಬದಲಾದರೂ ಒತ್ತಡ ಚದರ ಇಂಚಿಗೆ ಸಾವಿರ ಪೌಂಡಿಗಿಂತ ಹೆಚ್ಚು ಏರಿಳಿಯಬಹುದೆಂದು ಪ್ರಯೋಗಾಲಯದ ಅಳತೆಗಳು ತೋರಿಸಿವೆ. 12,500ರ ಮಿತಿಗೆ ಒತ್ತಿಕೊಂಡೇ ನಡೆಯುವ .410ರಲ್ಲಿ ಆ ಸಾವಿರಕ್ಕೆ ಜಾಗವಿಲ್ಲ. ಖಾಲಿ ತೋಟಾ, ಕೇಪು, ಮದ್ದು, ವಾಡ್, ಚರೆಯ ತೂಕ ಈ ಐದನ್ನೂ ಸೇರಿಸಿ ಪ್ರಯೋಗಾಲಯದಲ್ಲಿ ಅಳೆದು ಪಟ್ಟಿ ಮಾಡಿರುತ್ತಾರೆ. ಒಂದನ್ನು ಬದಲಿಸಿದವನ ಕೈಯಲ್ಲಿರುವುದು ತಿದ್ದಿದ ಪಟ್ಟಿಯಲ್ಲ, ಯಾರೂ ಅಳೆಯದ ಹೊಸ ತೋಟಾ. ದೋಷ ಹುಡುಕುವಾಗಲೂ ಈ ಮಾತು ನೆನಪಿರಬೇಕು: ಕಂಬದ ಎತ್ತರ ಸರಿಹೊಂದಿಸಲೆಂದು ಮದ್ದನ್ನು ಹೆಚ್ಚುಕಡಿಮೆ ಮಾಡುವುದು ಪರಿಹಾರಗಳ ಸಾಲಿಗೇ ಸೇರುವುದಿಲ್ಲ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದ್ದು ಪಟ್ಟಿಯೊಳಗೇ ಇರಬೇಕು.

ಕನ್ನಡದ ಓದುಗರಿಗೆ ಒಂದು ಮಾತು ಸೇರಿಸಬೇಕು. ಇದೆಲ್ಲ ಅಮೆರಿಕದ ಗ್ಯಾರೇಜಿನ ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಕೋವಿಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಮನೆಯಲ್ಲಿ ತೋಟಾ ತುಂಬಲು ಬರುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ತಯಾರಿಕೆಗೆ ಅಲ್ಲ.

ಉಳಿದದ್ದು ಟುಸ್ಸೆನ್ನುವ ತೋಟಾದ ಮಾತು. ಮೇಲೆ ಹೇಳಿದ ದೋಷಗಳಲ್ಲಿ ಬಹಳಷ್ಟು ಕೊನೆಗೆ ಬಂದು ಸೇರುವುದು ಇಲ್ಲಿಗೆ: ಮದ್ದು ಬೀಳಲಿಲ್ಲ, ಮಡಿಕೆ ಸಡಿಲಾಗಿತ್ತು, ವಾಡ್ ಅಡ್ಡ ಕೂತಿತ್ತು, ಕೇಪಿನ ಬಲ ಸಾಲಲಿಲ್ಲ. ಚರೆ ಹತ್ತು ಹೆಜ್ಜೆಯಾಚೆ ಉದುರುತ್ತದೆ, ವಾಡ್ ನಳಿಗೆಯಲ್ಲೇ ಉಳಿಯುತ್ತದೆ. ಮುಂದಿನ ತೋಟಾ ಅದರ ಹಿಂದೆ ಸಿಡಿದರೆ ನಳಿಗೆ ಸೀಳುತ್ತದೆ, ಎಡಗೈ ಇರುವುದು ಅಲ್ಲೇ. .410ರ ಸದ್ದು ಮೊದಲೇ ಮೆತ್ತಗೆ, ಆಟಗಾರನ ಕಿವಿಗೆ ಮುಚ್ಚಳ, ಪಕ್ಕದಲ್ಲಿ ಬೇರೆಯವರ ಕೋವಿಗಳು. ಟುಸ್ಸೆಂದದ್ದು ಗೊತ್ತಾಗದೆಯೇ ಹೋಗಬಹುದು. 12 ಗೇಜಿನ ನಳಿಗೆಯೊಳಗೆ ಸಣ್ಣ ಗೇಜಿನ ಕೊಳವೆ ತೂರಿಸಿ ಆಡುವವರಿಗೆ ಸದ್ದಿನ ವ್ಯತ್ಯಾಸದ ಜೊತೆ ಒದೆತದ ವ್ಯತ್ಯಾಸವೂ ತಿಳಿಯುವುದಿಲ್ಲ, ಯಾಕೆಂದರೆ ಕೋವಿಯ ಭಾರವೇ ಅದನ್ನು ನುಂಗುತ್ತದೆ. ಹಾಗಾಗಿ ಬಿಲ್ಲೆ ಒಡೆಯದೆ ಹೋದಾಗ, ಸದ್ದಿನ ಬಗ್ಗೆ ಕೊಂಚ ಸಂಶಯ ಬಂದರೂ ಕೋವಿ ಮುರಿದು ನಳಿಗೆಯೊಳಗಿಂದ ಆಕಾಶ ನೋಡಬೇಕೆಂಬುದು ಅಮೆರಿಕದ ಮೈದಾನಗಳ ರೂಢಿ. ಸಾಲಿನಲ್ಲಿರುವವರು ಕಾಯಬೇಕಾಗುತ್ತದೆ, ಕೆಲವರು ಗೊಣಗುತ್ತಾರೆ. ಮತ್ತು ಅದೇ ಡಬ್ಬಿಯ ಉಳಿದ ತೋಟಾಗಳು ಆ ದಿನ ಮತ್ತೆ ಕೋವಿಗೆ ಹೋಗುವುದಿಲ್ಲ. ಅವು ಮನೆಗೆ ವಾಪಸಾಗುತ್ತವೆ, ಒಂದೊಂದಾಗಿ ಬಾಯಿ ಕೊಯ್ದು ಚರೆ ಒಂದು ಕಡೆ, ಮದ್ದು ಒಂದು ಕಡೆ ಸುರಿದು ತೂಗಲು.